ಎಲ್ಲ ಕ್ಷೇಮ ಎನ್ನುವ ಸಾಲು

ಉಗುರು ಕತ್ತರಿಸಿಕೊಳ್ಳಲು ಬಂದ ನಾಯಿಗೆ ನನ್ನ ಭಾವ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಕಳಿಸಿದರು. ಶಸ್ತ್ರಚಿಕಿತ್ಸೆ ಬಹಳ ಚೆನ್ನಾಗಿ ಆಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಭಾವ ಈಗಲೂ ಅದನ್ನೇ ಮೊದಲು ಹೇಳುತ್ತಾರೆ. ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕಂತೆ. ಉಗುರು ಮಾತ್ರ ಬಂದ ಹಾಗೆಯೇ ಉದ್ದ ಇತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಪಶುವೈದ್ಯರು, ಸ್ವಂತ ಆಸ್ಪತ್ರೆ. ಕೈಗುಣ ಒಳ್ಳೆಯದು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಒಂದು ಕೆಲಸದಲ್ಲಿ ಕೈಗುಣ ಇರುವ ಗಂಡಸಿಗೆ ಮಿಕ್ಕ ಕೆಲಸಗಳೆಲ್ಲ ಬೇರೆಯವರ ಸೋಮಾರಿತನದಿಂದ ಕಷ್ಟವಾಗಿವೆ ಎಂದು ತೋರುತ್ತದೆ. ನಲ್ಲಿ ಸೋರಿದರೆ ಪ್ಲಂಬರ್‌ಗಿಂತ ಮೊದಲು ಇವರು ಕೈ ಹಾಕುತ್ತಾರೆ. ಆಮೇಲೆ ಪ್ಲಂಬರ್ ಬಂದು ನಲ್ಲಿಯ ಜೊತೆ ಗೋಡೆಯನ್ನೂ ಸರಿ ಮಾಡುತ್ತಾನೆ. ಮನೆಯಲ್ಲಿ ನಾವೆಲ್ಲ ಅವರನ್ನು ಬೆನ್ನ ಹಿಂದೆ ಎಲ್ಲಾಬಲ್ಲ ಎಂದು ಕರೆಯುತ್ತೇವೆ. ಎದುರಿಗೇ ಕರೆದರೂ ಹೊಗಳಿಕೆ ಎಂದುಕೊಂಡಾರು.

ಹೋದ ವರ್ಷ ಅವರ ಕಣ್ಣು ಕಂಪ್ಯೂಟರಿನ ಸಿ ಭಾಷೆಯ ಮೇಲೆ ಬಿತ್ತು. ನಾನು ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಸಿ ಪ್ರೋಗ್ರಾಮಿಂಗ್ ಕಲಿಸುವವಳು. ಕಲಿಸಿ ಕಲಿಸಿ ಕೋಪ ನನ್ನ ಮೂಗಿನ ತುದಿಗೆ ಬಂದು ಅಲ್ಲೇ ಮನೆ ಮಾಡಿದೆ. "ಏನಾದ್ರೂ ಬೇಕಿದ್ರೆ ಕೇಳಿ ಭಾವ" ಎಂದಿದ್ದೆ.

"ಕರುಳು ಜೋಡಿಸಿ ಹೊಲಿಯೋನಿಗೆ ನಾಲ್ಕು ಸಾಲು ಬರೆಯೋದು ಯಾವ ಲೆಕ್ಕ? ನೀವು ಸುಮ್ನೆ ದೊಡ್ಡದು ಮಾಡಿಟ್ಟಿದ್ದೀರ" ಎಂದರು.

ಹೀಗೆ ಆಸ್ಪತ್ರೆಗೆ ಒಂದು ಪ್ರೋಗ್ರಾಂ ಬಂತು. ಬಂದ ಪ್ರಾಣಿಯ ಹೆಸರನ್ನು ನರ್ಸ್ ಕೌಂಟರಿನಲ್ಲಿ ಟೈಪ್ ಮಾಡಬೇಕು. ಯಾವ ಗೂಡಿನಲ್ಲಿ ಯಾರಿದ್ದಾರೆ, ಇವತ್ತು ಯಾರಿಗೆ ಯಾವ ಶಸ್ತ್ರಚಿಕಿತ್ಸೆ ಎಂಬುದು ಕಾಯುವ ಕೋಣೆಯ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲೂ ಒಳಗಿನ ಸಣ್ಣ ಪರದೆಯಲ್ಲೂ ಬರುತ್ತದೆ. ಆ ಪರದೆಯಲ್ಲಿ ಒಂದು ವಿಚಿತ್ರವಿತ್ತು. ಯಾವ ಪಟ್ಟಿ ಬಂದರೂ ಅದರ ಕೆಳಗೆ 'ಎಲ್ಲ ಕ್ಷೇಮ' ಎಂದು ಮೂಡುತ್ತಿತ್ತು. ಕಾಲು ಮುರಿದ ಬಾತುಕೋಳಿ, ಎಲ್ಲ ಕ್ಷೇಮ. ವಾಂತಿ ಮಾಡುವ ಬೆಕ್ಕು, ಎಲ್ಲ ಕ್ಷೇಮ. ಪ್ರಾಣಿಗಳ ಮಾಲೀಕರಿಗೆ ಧೈರ್ಯ ಹೇಳಲು ಡಾಕ್ಟರು ಬರೆಸಿದ್ದಾರೆ ಎಂದು ಎಲ್ಲರೂ ಮೆಚ್ಚಿಕೊಂಡಿದ್ದರು.

ನಾಯಿಯ ಕಥೆ ನಡೆದದ್ದು ಶನಿವಾರ. ಅದರ ಯಜಮಾನರು ಫುಟ್‌ಬಾಲ್ ರೆಫರಿಯಾಗಿ ನಿವೃತ್ತರಾದವರು. ನಾಯಿಯ ಹೆಸರು ಕ್ಯಾಪ್ಟನ್. ಕ್ಯಾಪ್ಟನ್‌ನ ಮರಿಗಳು ನಮಗೊಂದು ನಮಗೊಂದು ಎಂದು ಪರಿಚಯದವರೆಲ್ಲ ಹೇಳಿಟ್ಟಿದ್ದರಂತೆ. ಸಂಜೆ ನಾಯಿಯನ್ನು ಕರೆದುಕೊಂಡು ಹೋಗಲು ಬಂದ ರೆಫರಿ ನೋಡುತ್ತಾರೆ, ಇರಬೇಕಾದದ್ದು ಇಲ್ಲ. ಅವರು ಕೂಗಾಡಲಿಲ್ಲವಂತೆ. "ತಪ್ಪು ಯಾರದು ಅಂತ ನನಗೆ ಗೊತ್ತಾಗ್ಬೇಕು. ಸೋಮವಾರ ಸಂಜೆ ಬರ್ತೀನಿ. ಒಬ್ಬರನ್ನ ತೋರಿಸಿ" ಎಂದು ಹೇಳಿ ಹೋದರಂತೆ.

ಭಾನುವಾರ ಬೆಳಗ್ಗೆ ಅಕ್ಕನ ಫೋನ್ ಬಂತು. "ನರ್ಸಮ್ಮ ತಪ್ಪಾಗಿ ಟೈಪ್ ಮಾಡಿ ನಿಮ್ಮ ಭಾವನ ಮರ್ಯಾದೆ ಕಳೆದಿದ್ದಾಳೆ. ನೀನು ಬಂದು ಪ್ರೋಗ್ರಾಂ ನೋಡಿ, ಅದರಲ್ಲಿ ಏನೂ ತಪ್ಪಿಲ್ಲ ಅಂತ ಒಂದು ಮಾತು ಹೇಳು. ನಾಳೆ ಆ ರೆಫರಿ ಮುಂದೆ ಅವಳನ್ನ ಕೆಲಸದಿಂದ ತೆಗೆದುಬಿಟ್ರೆ ಮುಗೀತು."

ನೋಡಿ ಹೇಳುವುದಲ್ಲ, ಹೇಳುವುದಕ್ಕೆ ನೋಡುವುದು. ನನ್ನ ಅಕ್ಕನಿಗೆ ಎರಡರ ನಡುವೆ ವ್ಯತ್ಯಾಸ ಎಂದೂ ಕಂಡಿಲ್ಲ.

ಆಸ್ಪತ್ರೆಗೆ ರಜೆ. ನೆಲ ಒರೆಸಿದ ಔಷಧಿಯ ವಾಸನೆ, ಬಾಗಿಲು ತೆರೆದಿಟ್ಟ ಖಾಲಿ ಗೂಡುಗಳು, ಮೂಲೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಬಾತುಕೋಳಿ. ನರ್ಸಮ್ಮ ಅದಕ್ಕೆ ಕಾಳು ಹಾಕುತ್ತಿದ್ದರು. ಐವತ್ತು ದಾಟಿದ ಹೆಂಗಸು, ಮಾತು ಸ್ವಲ್ಪ ಗಡಸು. ಶಸ್ತ್ರಚಿಕಿತ್ಸೆಗೆ ಬಂದ ಯಾವ ಪ್ರಾಣಿಯ ಮಾಲೀಕರನ್ನೂ ಅವರು "ಬೆಳಗ್ಗೆಯಿಂದ ಏನಾದ್ರೂ ತಿಂದಿದ್ಯಾ?" ಎಂದು ಕೇಳದೆ ಒಳಗೆ ಬಿಟ್ಟವರಲ್ಲ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವಂತಿಲ್ಲ. ಕ್ಯಾಪ್ಟನ್ ಬಂದದ್ದು ಉಗುರಿಗೆ, ಹಾಗಾಗಿ ಕೇಳಿರಲಿಲ್ಲ. ಎಚ್ಚರವಾದ ಮೇಲೆ ಕ್ಯಾಪ್ಟನ್ ಬೆಳಗಿನ ತಿಂಡಿಯನ್ನು ಭಾವನ ಬೂಟಿನ ಮೇಲೆ ಹಾಕಿ ತನ್ನ ಅಭಿಪ್ರಾಯ ತಿಳಿಸಿತ್ತು. ಅದೂ ನರ್ಸಮ್ಮನ ಖಾತೆಗೇ ಹೋಯಿತು.

"ನಾನು ಉಗುರು ಅಂತಲೇ ಹಾಕಿದ್ದು. ಆಮೇಲೆ ಕೌಂಟರಲ್ಲೇ ಇದ್ದೆ. ಡಾಕ್ಟ್ರೇ ಪರದೆ ನೋಡಿ, ಡಾಕ್ಟ್ರೇ ಗೂಡಿಂದ ತಗೊಂಡು ಹೋದ್ರು" ಎಂದರು ನರ್ಸಮ್ಮ, ನನ್ನ ಮುಖ ನೋಡದೆ. "ಈ ಹೆಸರು ಹೊತ್ಕೊಂಡು ಹೋದ್ರೆ ನನ್ನನ್ನ ಇನ್ಯಾರು ಸೇರಿಸ್ಕೋತಾರೆ ಹೇಳಿ. ನಾಯಿ ಸಾಕಿರೋರೆಲ್ಲ ದಿನಾ ಒಂದೇ ಪಾರ್ಕಲ್ಲಿ ಸುತ್ತೋರು."

ಭಾವ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೊಟ್ಟರು. "ನೋಡು. ಕಲಿಯೋದಿದ್ರೆ ಕಲಿ" ಎಂದರು.

ನೋಡಿದೆ. ಹದಿನೆಂಟು ವರ್ಷದ ಹುಡುಗರು ಬರೆದ ಪ್ರೋಗ್ರಾಂ ಓದಿ ಬಿಪಿ ತರಿಸಿಕೊಂಡವಳು ನಾನು; ಆದರೂ ಒಮ್ಮೆ ಕಣ್ಣು ಮುಚ್ಚಿ ತೆರೆಯಬೇಕಾಯಿತು. ತುಂಡು ತುಂಡಾಗಿ ಬರೆಯಬೇಕಾದ ಇಡೀ ಆಸ್ಪತ್ರೆ ಒಂದೇ ಫಂಕ್ಷನ್ನಿನಲ್ಲಿತ್ತು, ಕೋಳಿ ಕೆದಕಿದ ಹಾಗೆ ಹರಡಿಕೊಂಡು. ಮಾಹಿತಿ ಇಡುವ ಡಬ್ಬಿಗಳಲ್ಲಿ ಒಂದಕ್ಕೆ ಎ ಎಂದು ಹೆಸರು, ಇನ್ನೊಂದಕ್ಕೆ ಎಎ, ಮತ್ತೊಂದಕ್ಕೆ ಎಎಎ. ಮನುಷ್ಯ ತನ್ನ ಮಕ್ಕಳಿಗೆ ಹೀಗೆ ಹೆಸರಿಡಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡೆ. ನಡುವೆ ಒಂದು ಕಡೆ 'ಎಲ್ಲ ಕ್ಷೇಮ' ಎಂದು ಮುದ್ರಿಸುವ ಸಾಲು. ಅದರ ಮೇಲೆ ಭಾವನ ಟಿಪ್ಪಣಿ: 'ಕೆಳಗಿನ ಸಾಲನ್ನು ತೆಗೆಯಬಾರದು. ಯಾಕೆ ಎಂದು ಕೇಳಬಾರದು.'

"ಯಾಕೆ ಭಾವ?" ಎಂದೆ.

"ಕೇಳಬಾರದು ಅಂತ ಬರೆದಿದ್ದೀನಲ್ಲ."

"ಭಾವ."

"ಮೊದಮೊದಲು ಪ್ರಾಣಿ ಮನೆಗೆ ಹೋಯ್ತು ಅಂತ ಒತ್ತಿದ್ರೆ ಒಂದೊಂದ್ಸಲ ಪ್ರೋಗ್ರಾಂ ದಬಕ್ಕಂತ ಬಿದ್ದುಹೋಗ್ತಿತ್ತು. ಎಲ್ಲಿ ಬೀಳ್ತಿದೆ ನೋಡೋಣ ಅಂತ ಅಲ್ಲೊಂದು ಸಾಲು ಹಾಕ್ದೆ. ಬೀಳೋದೇ ನಿಂತುಹೋಯ್ತು. ತೆಗೆದ್ರೆ ಮತ್ತೆ ಬೀಳುತ್ತೆ. ಹಾಗಾಗಿ ಇರ್ಲಿ ಅಂತ ಬಿಟ್ಟೆ. ಇದಕ್ಕೆ ಅನುಭವ ಅಂತಾರೆ. ಪುಸ್ತಕದಲ್ಲಿ ಸಿಗಲ್ಲ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಈ ಸಾಲನ್ನು ಕಂಡುಹಿಡಿಯುತ್ತಾರೆ. ಪ್ರೋಗ್ರಾಂ ಮೆಮೊರಿಯಲ್ಲಿ ತನ್ನದಲ್ಲದ ಜಾಗಕ್ಕೆ ಕೈ ಹಾಕಿ ಬೀಳುತ್ತಿರುತ್ತದೆ. ಹುಡುಕಲು ಒಂದು ಸಾಲು ಸೇರಿಸಿದ ಕೂಡಲೇ ಆ ಸಾಲಿಗೂ ಸ್ವಲ್ಪ ಜಾಗ ಬೇಕಾಗಿ, ಒಳಗಿನ ಸಾಮಾನೆಲ್ಲ ಅತ್ತಿತ್ತ ಜರುಗಿ ಕೂರುತ್ತದೆ. ತಪ್ಪು ಇದ್ದಲ್ಲೇ ಇರುತ್ತದೆ, ಕಾಣುವುದು ನಿಲ್ಲುತ್ತದೆ. ಬೀಳುವ ಪ್ರೋಗ್ರಾಂ ಪ್ರಾಮಾಣಿಕ. ಅದು ತನಗೆ ಹುಷಾರಿಲ್ಲ ಎಂದು ಹೇಳುತ್ತಿರುತ್ತದೆ. ಭಾವ ಅದರ ಬಾಯಿಗೆ ಬಟ್ಟೆ ತುರುಕಿ, ಹಣೆಗೆ 'ಎಲ್ಲ ಕ್ಷೇಮ' ಎಂದು ಚೀಟಿ ಅಂಟಿಸಿದ್ದರು. ಒಬ್ಬ ವೈದ್ಯ ಮಾಡುವ ಕೆಲಸ ಅದಲ್ಲ.

ನಮ್ಮಲ್ಲಿ ಇದಕ್ಕೊಂದು ತಪಾಸಣೆ ಇದೆ. ಪ್ರೋಗ್ರಾಂ ಓಡುವಾಗ ಮೆಮೊರಿಯ ಪ್ರತಿ ಬಾಗಿಲಿಗೂ ಕಾವಲು ಕೂರಿಸಿ, ಯಾರು ಎಲ್ಲಿ ನುಗ್ಗಿದರು ಎಂದು ಅದು ವರದಿ ಕೊಡುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಚ್ಚಿದೆ. ನಂತರ ನರ್ಸಮ್ಮನನ್ನು ಶನಿವಾರ ಏನೇನು ನಡೆಯಿತು ಎಂದು ಮೊದಲಿಂದ ಕೇಳಿದೆ.

"ಮೊದಲು ಒಂದು ಗಂಡು ಬೆಕ್ಕು ಬಂತು, ಮಂತ್ರಿ ಅಂತ ಹೆಸರು. ಅದಕ್ಕೆ ಸಂತಾನಹರಣ ಇತ್ತು. ಪಟ್ಟಿಗೆ ಹಾಕ್ದೆ. ಬೆಕ್ಕಿನ ಅಮ್ಮನಿಗೆ ಅಳು ಬಂದು, ಇವತ್ತು ಬೇಡ ಅಂತ ವಾಪಸ್ ತಗೊಂಡು ಹೋದ್ರು. ಮನೆಗೆ ಅಂತ ಒತ್ತಿದೆ. ಆಮೇಲೆ ಕ್ಯಾಪ್ಟನ್ ಬಂತು."

ಅವರು ಹೇಳಿದಂತೆಯೇ ಟೈಪ್ ಮಾಡುತ್ತ ಹೋದೆ. ಮಂತ್ರಿ ಬಂತು, ಶಸ್ತ್ರಚಿಕಿತ್ಸೆಯ ಪಟ್ಟಿ ಸೇರಿತು, ಮನೆಗೆ ಹೋಯಿತು. ಪಟ್ಟಿ ತೋರಿಸು ಎಂದೊಡನೆ ಪ್ರೋಗ್ರಾಂ ನಿಂತು ಪರದೆ ತುಂಬ ಕೆಂಪು ಅಕ್ಷರ ಕಾರಿತು. ಪೊಲೀಸರ ವರದಿಗಿಂತ ಸ್ಪಷ್ಟ: ಬಿಟ್ಟುಕೊಟ್ಟ ಜಾಗವನ್ನು ಓದಲಾಗುತ್ತಿದೆ, ಜಾಗ ಪಡೆದದ್ದು ಈ ಸಾಲಿನಲ್ಲಿ, ಬಿಟ್ಟದ್ದು ಈ ಸಾಲಿನಲ್ಲಿ, ಬಿಟ್ಟ ಮೇಲೂ ಬಳಸಿದ್ದು ಈ ಸಾಲಿನಲ್ಲಿ.

"ಇದೇನು?" ಎಂದರು ಭಾವ.

ಖಾಲಿ ಗೂಡುಗಳ ಕಡೆ ಕೈ ತೋರಿಸಿದೆ. "ನಿಮ್ಮ ಶಸ್ತ್ರಚಿಕಿತ್ಸೆ ಪಟ್ಟಿಯಲ್ಲಿ ಬೆಕ್ಕಿನ ಹೆಸರೇ ಇಲ್ಲ ಭಾವ. ಮೂರನೇ ಗೂಡಲ್ಲಿ ಯಾರಿದ್ದಾರೋ ಅವರನ್ನ ಕೊಯ್ಯಿ ಅಂತ ಬರೆದಿದೆ. ಪಾಯಿಂಟರ್ ಅಂದ್ರೆ ಅಷ್ಟೇ, ಗೂಡನ್ನ ತೋರಿಸೋ ಬೆರಳು. ಬೆಕ್ಕು ಮನೆಗೆ ಹೋದಾಗ ನೀವು ಗೂಡು ಖಾಲಿ ಮಾಡಿಸಿದ್ರಿ. ಪಟ್ಟಿಯಲ್ಲಿರೋ ಬೆರಳನ್ನ ಮಡಚಲಿಲ್ಲ. ಅಷ್ಟೊತ್ತಿಗೆ ಕ್ಯಾಪ್ಟನ್ ಬಂತು, ಮೆಮೊರಿ ಅದಕ್ಕೆ ಖಾಲಿ ಬಿದ್ದಿದ್ದ ಅದೇ ಜಾಗ ಕೊಡ್ತು. ಬೆರಳು ಈಗ ಕ್ಯಾಪ್ಟನ್‌ನ ತೋರಿಸ್ತಿದೆ. ಪರದೆ ಅದನ್ನೇ ಓದ್ತು, ನೀವು ಪರದೆ ಓದಿದ್ರಿ, ಕ್ಯಾಪ್ಟನ್‌ಗೆ ಮಾತ್ರ ಓದಕ್ಕೆ ಬರ್ತಿರಲಿಲ್ಲ."

"ಆದ್ರೆ ನಾನು ಫ್ರೀ ಮಾಡಿದ್ದೀನಲ್ಲ. ಎಷ್ಟು ಜನ ಮೆಮೊರಿ ತಗೊಂಡು ವಾಪಸ್ ಕೊಡೋದೇ ಇಲ್ಲ. ನಾನು ಶಿಸ್ತಾಗಿ ಕೊಟ್ಟಿದ್ದೀನಿ."

"ಕೊಟ್ಟಿದ್ದೀರಿ. ಕೊಟ್ಟ ಮೇಲೂ ಬಳಸಿದ್ದೀರಿ."

"ನಿನ್ನ ಲ್ಯಾಪ್‌ಟಾಪಲ್ಲಿ ಬರ್ತಿದೆ. ನನ್ನ ಕಂಪ್ಯೂಟರಲ್ಲಿ ಕೆಂಪು ಅಕ್ಷರ ಯಾವತ್ತೂ ಬಂದಿಲ್ಲ."

ಈ ಮಾತನ್ನು ನಾನು ಇನ್ನೂ ಮೀಸೆ ಮೂಡದವರ ಬಾಯಲ್ಲಿ ಕೇಳಿದ್ದೆ. ಮೀಸೆ ನರೆತವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಜ್ವರ ಅಳೆಯದಿದ್ದರೆ ಜ್ವರವೇ ಇಲ್ಲ ಎಂದು ಯಾರಾದರೂ ಇವರ ಮುಂದೆ ಹೇಳಲಿ, ಕತ್ತು ಹಿಡಿದು ಹೊರಗೆ ಹಾಕುತ್ತಾರೆ.

ನರ್ಸಮ್ಮ ಕಾಳಿನ ಡಬ್ಬಿ ಮುಚ್ಚಿ ನಿಂತಿದ್ದರು. "ಹಾಗಾದ್ರೆ ನನ್ನದಲ್ಲ" ಎಂದರು. ಪ್ರಶ್ನೆಯಾಗಿರಲಿಲ್ಲ.

"ನಿಮ್ಮದಲ್ಲ" ಎಂದೆ.

ಭಾವ ನರ್ಸಮ್ಮನನ್ನು ಬಾತುಕೋಳಿಗೆ ನೀರು ತರಲು ಹಿತ್ತಲಿಗೆ ಕಳಿಸಿದರು. ಅದರ ಬಟ್ಟಲು ತುಂಬಿಯೇ ಇತ್ತು. ಬಾಗಿಲು ಹಾಕಿದ ಮೇಲೆ ಭಾವನ ದನಿ ಮೆತ್ತಗಾಯಿತು. ಪ್ರಾಣಿಗಳ ಮಾಲೀಕರಿಗೆ ಕೆಟ್ಟ ಸುದ್ದಿ ಹೇಳುವಾಗಿನ ದನಿ ಅದು, ನನಗೆ ಗೊತ್ತು.

"ಒಂದು ಸಣ್ಣ ವಿಷಯ ಬಿಟ್ಟುಹೋಗಿದೆ ಅಂತಿಟ್ಕೋ. ಇವತ್ತೇ ಸರಿ ಮಾಡ್ತೀನಿ. ನಾಳೆ ರೆಫರಿ ಬಂದಾಗ ಪ್ರೋಗ್ರಾಂ ಸರಿಯಾಗಿದೆ ಅಂತ ಹೇಳು. ನಾಳೆ ಸರಿಯಾಗೇ ಇರುತ್ತಲ್ಲ, ಸುಳ್ಳೇನಲ್ಲ."

"ನರ್ಸಮ್ಮ?"

"ನನ್ನ ಹೆಸರು ಹೋದ್ರೆ ಆಸ್ಪತ್ರೆ ಹೋಗುತ್ತೆ. ಅವಳ ಹೆಸರು ಹೋದ್ರೆ ಏನು ಹೋಗುತ್ತೆ?"

ಭಾವನ ಜೊತೆ ಬಂದಿದ್ದ ಅಕ್ಕ ಮುಚ್ಚಿದ ಬಾಗಿಲಿಗೆ ಒರಗಿ ನಿಂತಿದ್ದಳು. "ನೀನು ಬಾಯಿ ಮುಚ್ಕೊಂಡಿದ್ರೆ ಸಾಕು" ಎಂದಳು. ಚಿಕ್ಕಂದಿನಿಂದ ಅವಳು ನನಗೆ ಕೊಟ್ಟ ಸಲಹೆ ಇದೊಂದೇ.

ನನಗೆ ಎಷ್ಟು ಸಿಟ್ಟು ಬಂತೆಂದರೆ ಮಾತೇ ಹೊರಡಲಿಲ್ಲ. ಅವರು ಅದನ್ನು ಒಪ್ಪಿಗೆ ಎಂದುಕೊಂಡರು. ಪಟ್ಟಿಯ ಬೆರಳನ್ನು ಹೇಗೆ ಮಡಚಬೇಕು, ಯಾವ ಸಾಲಿನಲ್ಲಿ ಎಂದು ಹೇಳಿಕೊಡಲು ಲ್ಯಾಪ್‌ಟಾಪ್ ತಿರುಗಿಸಿದೆ. "ಬೇಡ, ಬೇಡ. ನನಗೆ ನನ್ನ ಪ್ರೋಗ್ರಾಂ ಗೊತ್ತು" ಎಂದು ಭಾವ ಅದನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು. ಸರಿ ಎಂದು ಎದ್ದುಬಂದೆ.

ಸೋಮವಾರ ಸಂಜೆ ಆಸ್ಪತ್ರೆ ತುಂಬಿತ್ತು. ಮಡಿಲಲ್ಲಿ ಮೊಲ ಇಟ್ಟುಕೊಂಡ ಹೆಂಗಸು, ಆಮೆಯನ್ನು ಚೀಲದಲ್ಲಿ ತಂದ ಮುದುಕ, ಗೊರಗೊರ ಎನ್ನುವ ದಪ್ಪ ಬೆಕ್ಕು. ರೆಫರಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ತೆಳ್ಳಗೆ, ನೆಟ್ಟಗೆ ಇದ್ದ ಮನುಷ್ಯ. ಕೆಂಪು ಕಾರ್ಡ್ ತೆಗೆಯುವವರ ಹಾಗೆ ಒಂದು ಕೈ ಸದಾ ಎದೆಯ ಜೇಬಿನ ಹತ್ತಿರವೇ ಇರುತ್ತಿತ್ತು. ನರ್ಸಮ್ಮ ಕೌಂಟರಿನ ಹಿಂದೆ ಕೈ ಕಟ್ಟಿ ನಿಂತಿದ್ದರು. ತಮ್ಮ ಚಪ್ಪಲಿ, ಛತ್ರಿ, ಊಟದ ಡಬ್ಬಿಯನ್ನು ಆಗಲೇ ಒಂದು ಚೀಲಕ್ಕೆ ಹಾಕಿ ಕಾಲ ಬುಡದಲ್ಲಿ ಇಟ್ಟುಕೊಂಡಿದ್ದರು. ಆ ಚೀಲ ನೋಡಿದ ಮೇಲೆ ನನ್ನಲ್ಲಿ ಉಳಿದಿದ್ದ ಚೂರುಪಾರು ದಾಕ್ಷಿಣ್ಯವೂ ಹೋಯಿತು.

ಭಾವ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಸರಿ ಮಾಡಿದ್ದೀನಿ. ನಿನ್ನ ವರದಿಯಲ್ಲಿ ಮೂರು ಸಾಲು ತೋರಿಸ್ತಲ್ಲ, ಅಲ್ಲೇ ಇನ್ನೊಂದು ಹಾಕ್ದೆ."

"ಇನ್ನೊಂದು ಏನು ಹಾಕಿದ್ರಿ?"

"ಎಲ್ಲ ಕ್ಷೇಮ."

ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಮೊದಲ ರೋಗ ಒಂದು ಗುಳಿಗೆಯಲ್ಲಿ ಹೋಗಿತ್ತು, ಎರಡನೆಯ ರೋಗಕ್ಕೆ ಎರಡನೆಯ ಗುಳಿಗೆ ಕೊಟ್ಟಿದ್ದರು. "ಓಡಿಸಿ ನೋಡಿದೆ, ಒಂದು ಆಡಿನ ಹೆಸರು ಹಾಕಿ. ಸೊಗಸಾಗಿದೆ" ಎಂದರು.

ನಂತರ ಎಲ್ಲರಿಗೂ ಕೇಳುವಂತೆ ರೆಫರಿಗೆ ಹೇಳಿದರು. "ಸರ್, ಯಂತ್ರ ಸುಳ್ಳು ಹೇಳಲ್ಲ. ಕೈ ಏನು ಟೈಪ್ ಮಾಡುತ್ತೋ ಪರದೆ ಅದನ್ನೇ ತೋರಿಸುತ್ತೆ. ನನ್ನ ನಾದಿನಿ ಕಾಲೇಜಲ್ಲಿ ಇದನ್ನೇ ಕಲಿಸೋಳು. ನಿನ್ನೆ ಕೂತು ಪೂರ್ತಿ ನೋಡಿದ್ದಾಳೆ. ಅವಳೇ ಹೇಳ್ಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕ ಕಣ್ಣಲ್ಲೇ ಬಾಯಿ ಮುಚ್ಚಿಸಿದಳು. ನರ್ಸಮ್ಮ ಮಾತ್ರ ನನ್ನನ್ನು ನೋಡಲಿಲ್ಲ, ಪರದೆಯನ್ನು ನೋಡುತ್ತಿದ್ದರು.

"ನಾನು ಹೇಳೋದ್ಯಾಕೆ. ಶನಿವಾರ ಆದದ್ದನ್ನ ಹಾಗೇ ಮತ್ತೆ ಮಾಡಿ ತೋರಿಸಿದ್ರೆ ಆಯ್ತಲ್ಲ" ಎಂದೆ.

ರೆಫರಿಯ ಮುಖ ಬಂದಾಗಿನಿಂದ ಮೊದಲ ಸಲ ಸಡಿಲವಾಯಿತು. "ರೀಪ್ಲೇ" ಎಂದರು. "ಅದೇ ಸರಿ."

"ಧಾರಾಳವಾಗಿ" ಎಂದರು ಭಾವ.

"ನರ್ಸಮ್ಮನ ಕೈ ಬೇಡ, ನನ್ನ ಕೈಯೂ ಬೇಡ. ನೀವೇ ಕೂತ್ಕೊಳ್ಳಿ ಭಾವ."

ಭಾವ ಕೋಟಿನ ತೋಳು ಮಡಚಿ ಕೌಂಟರಿನಲ್ಲಿ ಕೂತರು. ಶಸ್ತ್ರಚಿಕಿತ್ಸೆಗೆ ಮೊದಲು ಬೆರಳ ನೆಟಿಗೆ ಮುರಿಯುವ ಅಭ್ಯಾಸವಿದೆ ಅವರಿಗೆ, ಅದನ್ನೂ ಮಾಡಿದರು. ನಾನು ಹೇಳಿದಂತೆ ಮಂತ್ರಿ ಎಂದು ಹಾಕಿದರು, ಬೆಕ್ಕು. ಪಟ್ಟಿಗೆ ಸೇರಿಸಿದರು. ಗೋಡೆಯ ಪರದೆಯಲ್ಲಿ 'ಸಂತಾನಹರಣ: ಮಂತ್ರಿ' ಎಂದು ಬಂತು, ಕೆಳಗೆ ಎರಡು ಸಲ ಎಲ್ಲ ಕ್ಷೇಮ. ಆಮೆಯ ಮುದುಕ "ಒಳ್ಳೇ ನಿರ್ಧಾರ" ಎಂದ. ಮನೆಗೆ ಎಂದು ಒತ್ತಿದರು. ಗೂಡಿನ ಪಟ್ಟಿಯಿಂದ ಮಂತ್ರಿ ಹೋಯಿತು.

"ಈಗ ಹೊಸದಾಗಿ ಯಾರನ್ನಾದ್ರೂ ಸೇರಿಸಿ, ಉಗುರು ಕತ್ತರಿಸೋಕೆ" ಎಂದೆ.

"ಯಾರನ್ನ?"

"ಇಲ್ಲಿರೋ ಪ್ರಾಣಿಗಳ ಹೆಸರು ಬೇಡ, ಅವರಿಗೆ ಸುಮ್ನೆ ಗಾಬರಿ. ನಿಮ್ಮ ಹೆಸರೇ ಹಾಕಿ. ಹೇಗೂ ಸರಿಯಾಗಿದೆಯಲ್ಲ."

ಭಾವನಿಗೆ ಅದು ಇಷ್ಟವಾಯಿತು. ತನ್ನ ಪ್ರೋಗ್ರಾಮಿನ ಮೇಲೆ ತನಗೆಷ್ಟು ನಂಬಿಕೆ ಎಂದು ಸಭೆಗೆ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗಬೇಕು. ನಗುತ್ತ 'ಡಾಕ್ಟರ್' ಎಂದು ಟೈಪ್ ಮಾಡಿದರು. ಯಾವ ಪ್ರಾಣಿ ಎಂದು ಪ್ರೋಗ್ರಾಂ ಕೇಳಿತು. ನಾಯಿ, ಬೆಕ್ಕು ಬಿಟ್ಟು 'ಇತರೆ' ಒತ್ತಿದರು. ಕೆಲಸ: ಉಗುರು. ಕೊನೆಯ ಗುಂಡಿಯನ್ನು ಒತ್ತಿ, ಕುರ್ಚಿ ತಿರುಗಿಸಿ, ಪರದೆಗೆ ಬೆನ್ನು ಮಾಡಿ ಸಭೆಯ ಕಡೆ ಕೂತರು.

"ನೋಡಿ. ಏನು ಹಾಕಿದ್ನೋ ಅದೇ ಬಂದಿರುತ್ತೆ" ಎಂದರು.

ಅವರ ತಲೆಯ ಮೇಲೆ, ಕಾಯುವ ಕೋಣೆಯ ಯಾವ ಮೂಲೆಯಿಂದಲೂ ಓದಬಹುದಾದಷ್ಟು ದೊಡ್ಡ ಅಕ್ಷರಗಳಲ್ಲಿ, ಪಟ್ಟಿ ಮೂಡಿತು.

ಇಂದಿನ ಶಸ್ತ್ರಚಿಕಿತ್ಸೆ
ಸಂತಾನಹರಣ: ಡಾಕ್ಟರ್
ಎಲ್ಲ ಕ್ಷೇಮ
ಎಲ್ಲ ಕ್ಷೇಮ

ಮೊದಲು ನಕ್ಕದ್ದು ಮೊಲದ ಹೆಂಗಸು. ಆಮೆಯ ಮುದುಕ ಕನ್ನಡಕ ಹಾಕಿಕೊಂಡು, ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದ. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ, ಭುಜ ಕುಣಿಯುತ್ತಿದ್ದ ರೀತಿ ಬೇರೆಯೇ ಹೇಳುತ್ತಿತ್ತು. ಭಾವ ನಿಧಾನವಾಗಿ ಹಿಂದೆ ತಿರುಗಿದರು. ಓದಲು ಅವರಿಗೆ ಸಾಕಷ್ಟು ಹೊತ್ತು ಹಿಡಿಯಿತು. ಅಷ್ಟು ಹೊತ್ತನ್ನು ಶನಿವಾರ ತೆಗೆದುಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

"ಈಗ ಟೈಪ್ ಮಾಡಿದ್ದು ಯಾರು?" ಎಂದು ರೆಫರಿ ಕೇಳಿದರು.

"ನಾನು" ಎಂದರು ಭಾವ.

"ಪ್ರೋಗ್ರಾಂ ಬರೆದಿದ್ದು?"

"ನಾನೇ."

"ಕೊಯ್ದಿದ್ದು?"

ಭಾವ ಮಡಚಿದ್ದ ಕೋಟಿನ ತೋಳನ್ನು ಬಿಡಿಸತೊಡಗಿದರು. ರೆಫರಿ ಎದೆಯ ಜೇಬಿನ ಹತ್ತಿರವಿದ್ದ ಕೈಯನ್ನು ಕೆಳಗಿಳಿಸಿದರು. "ನನಗೆ ಒಬ್ಬರನ್ನ ತೋರಿಸಿ ಅಂದಿದ್ದೆ, ತೋರಿಸಿದ್ರಿ. ಈಯಮ್ಮನನ್ನ ಯಾರೂ ಹೊರಗೆ ಕಳಿಸೋ ಹಾಗಿಲ್ಲ. ಕಳಿಸಿದ್ರೆ ಈ ಪರದೆ ವಿಷಯ ಪಾರ್ಕಲ್ಲಿ ನಾನೇ ಹೇಳ್ತೀನಿ" ಎಂದರು.

ನರ್ಸಮ್ಮ ಬಗ್ಗಿ ಚೀಲದಿಂದ ಚಪ್ಪಲಿ ತೆಗೆದು ಕೌಂಟರಿನ ಕೆಳಗೆ ಜೋಡಿಸಿದರು. ಛತ್ರಿಯನ್ನು ಮೊಳೆಗೆ ಸಿಕ್ಕಿಸಿದರು. ಊಟದ ಡಬ್ಬಿಯನ್ನು ಅದರ ಜಾಗಕ್ಕೆ ಇಟ್ಟರು. ನಂತರ ಗೋಡೆಯ ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಶಸ್ತ್ರಚಿಕಿತ್ಸೆಗೆ ಬಂದ ಎಲ್ಲರ ಹತ್ತಿರ ಹೋಗುವ ಹಾಗೆಯೇ ಭಾವನ ಹತ್ತಿರ ಹೋದರು.

"ಬೆಳಗ್ಗೆಯಿಂದ ಏನಾದ್ರೂ ತಿಂದಿದ್ದೀರಾ, ಡಾಕ್ಟ್ರೇ?" ಎಂದು ಕೇಳಿದರು.

"ತಿಂದಿದ್ದೀನಿ" ಎಂದರು ಭಾವ, ಬಹಳ ಬೇಗ. ಶನಿವಾರದಿಂದ ಯಾರೂ ಬಲವಂತ ಮಾಡದೆ ಅವರು ಹೇಳಿದ ನಿಜ ಅದೊಂದೇ.